ಜುಟ್ಟಿಲ್ಲದ ನವಿಲು

ನನ್ನ ನಾದಿನಿ ಕಮಲಾವತಿಯ ಕೈಕೆಲಸವನ್ನು ಯಾರಾದರೂ ಹೊಗಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಹೊಗಳಲಿ, ಬೇಡವೆನ್ನುವುದಿಲ್ಲ. ಆದರೆ ಹೊಗಳುವವರಲ್ಲಿ ಅರ್ಧಕ್ಕರ್ಧ ಜನ ಆವತ್ತು ನಮ್ಮ ಚಾವಡಿಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದವರೇ. ಮಾತಾಡಬೇಕಾದಾಗ ಲೋಟ ಹಿಡಿದು ಮಾಡಿನ ಹೆಂಚು ನೋಡುತ್ತ ಕೂತವರು ಈಗ "ಎಂಥ ಕೈ ಮಾರಾಯ್ರೆ, ಎಂಥ ಕೈ" ಎಂದರೆ ಹಲ್ಲು ಕಿರಿದು ಕೇಳಿಸಿಕೊಳ್ಳಲು ನನ್ನಿಂದಾಗುವುದಿಲ್ಲ. ಆದ್ದರಿಂದ ನಡೆದದ್ದನ್ನು ನಾನೇ ಹೇಳಿಬಿಡುತ್ತೇನೆ. ನಾನು ಆ ಮನೆಯ ಸೊಸೆ, ಎಲ್ಲವನ್ನೂ ಕಣ್ಣಾರೆ ಕಂಡವಳು.

ಅಜ್ಜಾವರದ ಕುಕ್ಕಪ್ಪ ಗೌಡರ ಮನೆಗೆ, ಅವರ ಮಗ ತೀರ್ಥರಾಮರ ಹೆಂಡತಿಯಾಗಿ ನಾನು ಬಂದಾಗ ನಮ್ಮ ಸೀಮೆ ಇನ್ನೂ ಮದ್ರಾಸಿಗೆ ಸೇರಿತ್ತು. ಕಮಲ ಆಗಷ್ಟೇ ಶಾಲೆ ಮುಗಿಸಿ ಪುತ್ತೂರಿನಿಂದ ಬಂದಿದ್ದಳು. ಅಲ್ಲಿ ನೆಂಟರ ಮನೆಯಲ್ಲಿದ್ದು ಓದಿದ್ದಳು. ಓದಿದ್ದಕ್ಕಿಂತ ಹೆಚ್ಚಾಗಿ ಪಕ್ಕದ ಮನೆಯ ಬಾಯಮ್ಮನ ಹತ್ತಿರ ಕೂತು ಹೆಣಿಗೆ ಕಲಿತಿದ್ದಳು. ಎರಡು ಕಡ್ಡಿ ಹಿಡಿದು ಮಕ್ಕಳಿಗೆ ಉಲ್ಲನ್ನಿನ ಟೊಪ್ಪಿ ಹೆಣೆಯುವುದು, ದಿಂಬಿನ ಚೀಲದ ಮೇಲೆ ಬಣ್ಣದ ನೂಲಿನಲ್ಲಿ ಹೂ ತೆಗೆಯುವುದು, ಎಲ್ಲ ಬರುತ್ತಿತ್ತು. ಆದರೆ ಅವಳ ಜೀವ ಇದ್ದದ್ದು ಕ್ರೋಶಾದಲ್ಲಿ. ತುದಿಯಲ್ಲಿ ಸಣ್ಣ ಕೊಕ್ಕೆಯಿರುವ ಒಂದು ಉಕ್ಕಿನ ಕಡ್ಡಿ, ಒಂದು ಉಂಡೆ ಬಿಳಿ ನೂಲು. ಅಷ್ಟು ಸಿಕ್ಕಿದರೆ ಅವಳಿಗೆ ಬೇರೆ ಲೋಕ ಬೇಡ.

ಬೇಯಿಸಿದ ಭತ್ತವನ್ನು ಅಂಗಳದಲ್ಲಿ ಒಣಹಾಕಿ ಕೋಳಿ ಓಡಿಸುವ ಕೆಲಸ ಬಂದರೆ ನಮಗೆಲ್ಲ ಬೇಸರ, ಅವಳಿಗೆ ಹಬ್ಬ. ನೂಲಿನುಂಡೆ ಉರುಳಿ ಹೋಗದ ಹಾಗೆ ತೆಂಗಿನ ಗೆರಟೆಯೊಳಗೆ ಇಟ್ಟುಕೊಂಡು, ಜಗಲಿಯ ಕಂಬಕ್ಕೆ ಕಾಲು ಕೊಟ್ಟು ಕೂತುಬಿಡುತ್ತಿದ್ದಳು. ಗೆರಟೆಯೊಳಗೆ ಉಂಡೆ ಗರಗರ ತಿರುಗುವ ಸದ್ದು ಕೇಳಿದರೆ ಕಮಲ ಸುಖದಲ್ಲಿದ್ದಾಳೆಂದು ಅಡುಗೆಮನೆಯಲ್ಲಿದ್ದ ನಮಗೆ ಗೊತ್ತಾಗುತ್ತಿತ್ತು. ಒಂದು ಹೂವು ಮನಸ್ಸಿನಲ್ಲಿದ್ದ ಹಾಗೆಯೇ ಬಂದರೆ ತನ್ನಷ್ಟಕ್ಕೇ ನಗುತ್ತಿದ್ದಳು. ಉಳಿದ ಹೊತ್ತಿನಲ್ಲಿ ಅವಳಿಗೆ ಕೋಪ ಮೂಗಿನ ತುದಿಯಲ್ಲಿ. ಕೊಕ್ಕೆ ಹಿಡಿದಾಗ ಮಾತ್ರ ಆ ಕೋಪ ಎಲ್ಲಿಗೆ ಹೋಗುತ್ತಿತ್ತೋ. ನನಗೂ ಕಲಿಸಲು ನೋಡಿದಳು. ನನ್ನ ಕೈಗೆ ಕತ್ತಿ ಒಗ್ಗುತ್ತದೆ, ಹಾರೆ ಒಗ್ಗುತ್ತದೆ, ಅದು ಒಗ್ಗಲಿಲ್ಲ.

ಒಂದು ಬೇಸಗೆ ಪೂರ್ತಿ ಕೂತು ಅವಳು ಒಂದು ಮೇಜಿನ ಹಾಸು ಹೆಣೆದಳು. ನಮ್ಮ ಮನೆಯಲ್ಲಿ ಮೇಜೇ ಇರಲಿಲ್ಲ. "ಮೇಜಿಲ್ಲದ ಮನೆಗೆ ಹಾಸು ಎಂತಕ್ಕೆ?" ಎಂದು ನನ್ನ ಅತ್ತೆ ದೇವಮ್ಮ ಕೇಳಿದರು. "ನಂಗೆ ಖುಷಿಗೆ" ಎಂದಳು. ಸಣ್ಣ ಸಣ್ಣ ಚೌಕ, ಕೆಲವು ಖಾಲಿ, ಕೆಲವು ತುಂಬಿದ್ದು. ತುಂಬಿದ ಚೌಕಗಳು ಸೇರಿ ಚಿತ್ರವಾಗುತ್ತವೆ. ಕೆಳಗಿನಿಂದ ಒಂದೊಂದೇ ಸಾಲು ಏರುತ್ತ ಏರುತ್ತ ಎರಡು ನವಿಲುಗಳು ಎದುರುಬದುರಾಗಿ ನಿಂತವು. ಯಾವ ಪುಸ್ತಕವನ್ನೂ ನೋಡಿ ಮಾಡಿದ್ದಲ್ಲ. ಗದ್ದೆಗೆ ಬರುವ ನವಿಲುಗಳನ್ನು ಕಂಡು ಮಾಡಿದ್ದು.

ಬಲಗಡೆಯ ನವಿಲಿನ ತಲೆಯ ಹತ್ತಿರ ಬಂದಾಗ ಯಾರೋ ಗದ್ದೆಗೆ ಕರೆದರು. ಎದ್ದು ಹೋದವಳು ಮರುದಿನ ಬಂದು ಕೂತು ಮುಂದಿನ ಸಾಲು ಹಿಡಿದಳು. ಮೇಲಿನ ಅಂಚು ಮುಗಿಯುತ್ತ ಬಂದ ಮೇಲೆ ನೋಡಿದರೆ ಎಡಗಡೆಯ ನವಿಲಿಗೆ ಜುಟ್ಟು ಉಂಟು, ಬಲಗಡೆಯದಕ್ಕೆ ಇಲ್ಲ. ಅತ್ತೆ ನೋಡಿ, "ಬಿಚ್ಚು. ಬಿಚ್ಚಿ ಜುಟ್ಟು ಹಾಕು. ಕಂಡವರು ನಗ್ತಾರೆ" ಎಂದರು. ಕಮಲ ಹಾಸನ್ನು ಮಡಿಲಲ್ಲಿ ಹರಡಿ ತುಂಬ ಹೊತ್ತು ನೋಡಿದಳು. ಆಮೇಲೆ ನಕ್ಕಳು. "ಇರ್ಲಿ ಅವ್ವ. ಅದು ಈಗಷ್ಟೇ ಜಗಳ ಮಾಡಿ ಬಂದದ್ದು. ಜುಟ್ಟು ಆಚೆಯವನ ಬಾಯಲ್ಲಿ ಉಂಟು."

ಅವತ್ತಿನಿಂದ ನನ್ನ ಗಂಡ ಆ ನವಿಲನ್ನು "ಕಮಲ" ಎಂದೇ ಕರೆದದ್ದು. ಜಗಳಗಂಟಿ ಎಂದು ತಂಗಿಯನ್ನು ತಮಾಷೆ ಮಾಡಲು. ಅವಳಿಗೂ ಅದು ಇಷ್ಟವಾಗಿತ್ತು.

ಇಲ್ಲಿಂದ ಮುಂದೆ ನನಗೆ ಸಿಟ್ಟು ಬರುವ ಸಂಗತಿ. ಮೊದಲೆಲ್ಲ ಹೆಣ್ಣು ನೋಡಲು ಬರುವವರು ಅಡುಗೆ ಬರ್ತದಾ, ದನದ ಹಟ್ಟಿ ಕೆಲಸ ಗೊತ್ತುಂಟಾ ಎಂದು ಕೇಳುತ್ತಿದ್ದರು. ಎಲ್ಲಿಂದ ಗಾಳಿ ಬೀಸಿತೋ, ಆ ವರ್ಷಗಳಲ್ಲಿ "ಹುಡುಗಿಗೆ ಕೈಕೆಲಸ ಬರ್ತದಾ?" ಎಂಬ ಹೊಸ ಪ್ರಶ್ನೆ ಶುರುವಾಯಿತು. ಬಾಯಲ್ಲಿ ಹೇಳಿದರೆ ಸಾಲದು, ಚಾವಡಿಯಲ್ಲಿ ಕಾಣಬೇಕು. ಆದ್ದರಿಂದ ಹೆಣ್ಣು ನೋಡುವ ದಿನ ಶಾಲೆಯ ಮಾಸ್ಟ್ರ ಮನೆಯಿಂದ ಮೇಜು ಬರುತ್ತಿತ್ತು, ಅಂಗಡಿಯಿಂದ ಕುರ್ಚಿ ಬರುತ್ತಿತ್ತು. ಹಾಸು ನಮ್ಮ ಮನೆಯಿಂದ ಹೋಗುತ್ತಿತ್ತು. ಅದು ಕೂತ ಮನೆಯಲ್ಲೆಲ್ಲ ಅದನ್ನು ಹೆಣೆದವಳು ಆ ಮನೆಯ ಹುಡುಗಿಯೇ!

ಇದನ್ನು ಯಾರೂ ಮೋಸ ಎಂದು ತಿಳಿಯಲಿಲ್ಲ. ಮದುವೆಗೆ ಕಡಾಯಿ ಕೊಡುವುದಿಲ್ಲವೇ, ಚಾಪೆ ಕೊಡುವುದಿಲ್ಲವೇ, ಹುಡುಗಿಯ ಕೊರಳಿಗೆ ಒಂದು ದಿನದ ಮಟ್ಟಿಗೆ ಸರ ಕೊಡುವುದಿಲ್ಲವೇ, ಇದೂ ಹಾಗೆ. ನನ್ನ ಮಾವ ಕುಕ್ಕಪ್ಪ ಗೌಡರು ಕೇಳಿದವರಿಗೆ ಇಲ್ಲ ಎಂದವರಲ್ಲ. ಒಳ್ಳೆಯ ಮನುಷ್ಯ ಎಂದು ಊರೆಲ್ಲ ಹೇಳುತ್ತಿತ್ತು. ಮಗಳ ಬೆರಳು ಸವೆಸಿ ಒಳ್ಳೆಯವನಾಗುವುದು ಸುಲಭ. ಅವರ ಉಳುವ ಎತ್ತನ್ನು ಯಾರಾದರೂ ಹೊಡೆದುಕೊಂಡು ಹೋಗಿ "ಇದು ನಮ್ಮ ಹಟ್ಟಿಯಲ್ಲಿ ಹುಟ್ಟಿದ್ದು" ಎಂದಿದ್ದರೆ ಮಾವ ಸುಮ್ಮನಿರುತ್ತಿದ್ದರೇ?

ಮೊದಲು ಕೇಳಿಕೊಂಡು ಬಂದವರು ಮಾವನ ಅಕ್ಕ. ಗದ್ದೆಯ ಆಚೆ ಬದಿಯ ಮನೆ ಅವರದ್ದು. ಅವರ ಮಗಳು ಲೋಲಾಕ್ಷಿಗೆ ಇಚಿಲಂಪಾಡಿಯಿಂದ ಸಂಬಂಧ ಬಂದಿತ್ತು. ಲೋಲಾಕ್ಷಿ ನೋಡಲು ಚಂದ, ಮಾತು ಮೆದು. ಆದರೆ ಹರಿದ ರವಿಕೆಗೆ ಒಂದು ಹೊಲಿಗೆ ಹಾಕಬೇಕಾದರೂ ಅಮ್ಮನನ್ನು ಕರೆಯುವವಳು.

ಕಮಲ ಇಲ್ಲ ಎನ್ನಲಿಲ್ಲ. "ಕೊಡ್ತೇನೆ ಅತ್ತೆ. ಹಾಕಿ. ಆದ್ರೆ ಯಾರಾದ್ರೂ ಕೇಳಿದ್ರೆ ಕಮಲ ಹೆಣೆದದ್ದು ಅಂತ ಹೇಳಿ" ಎಂದಳು.

"ಹಾಗೆ ಹೇಳುದಾದ್ರೆ ಹಾಕುದು ಎಂತಕ್ಕೆ ಮಗಾ?" ಎಂದು ಅವರು ನಕ್ಕರು.

ಕಮಲ ಪೆಟ್ಟಿಗೆಯ ಮುಚ್ಚಳ ಹಾಕಿದಳು. ಮಾವ ಎದ್ದು ಬಂದು ಮುಚ್ಚಳ ತೆಗೆದು ಹಾಸನ್ನು ಅಕ್ಕನ ಕೈಯಲ್ಲಿಟ್ಟರು. "ಬಟ್ಟೆ ತಾನೆ, ಒಂದು ದಿನಕ್ಕೆ ಸವೆದು ಹೋಗ್ತದಾ? ಒಂದು ಹುಡುಗಿಗೆ ಒಳ್ಳೆಯದಾಗುದು ನಿಂಗೆ ಬೇಡ್ವಾ?" ಅವಳು ಕೇಳಿದ್ದು ಒಂದೇ, ತನ್ನದನ್ನು ತನ್ನದು ಎನ್ನಿ ಎಂದು. ಅದನ್ನು ಹೊಟ್ಟೆಕಿಚ್ಚು ಮಾಡಿಬಿಟ್ಟರು.

ಲೋಲಾಕ್ಷಿಯ ಮದುವೆ ಇಚಿಲಂಪಾಡಿಯ ಬೋಜಪ್ಪ ಗೌಡರ ಹಿರಿಯ ಮಗನ ಜೊತೆ ಆಯಿತು. ಹಾಸು ನಮ್ಮ ಮನೆಗೆ ತಿರುಗಿ ಬಂದಾಗ ಜುಟ್ಟಿಲ್ಲದ ನವಿಲಿನ ಕಾಲ ಬಳಿ ಕಾಫಿಯ ಕಲೆ. ಕಮಲ ಅದನ್ನು ನೀರಲ್ಲಿ ಅದ್ದಿ ಅದ್ದಿ ತಿಕ್ಕಿದಳು, ಹೋಗಲಿಲ್ಲ. ಅದರ ಮೇಲೆ ಇನ್ನೊಂದು ಮನೆಯವರು ಬಂದರು, ಮತ್ತೊಂದು ಮನೆಯವರು ಬಂದರು. ನೂಲು, ಬಳೆ, ರಿಬ್ಬನ್ನಿನ ಪೆಟ್ಟಿಗೆ ತಲೆಯ ಮೇಲೆ ಹೊತ್ತು ಊರೂರು ತಿರುಗುವ ಅಲಿ ಕುಂಞಿ ನಮ್ಮ ಅಂಗಳಕ್ಕೆ ಬಂದಾಗಲೆಲ್ಲ ಸುದ್ದಿ ತರುತ್ತಿದ್ದ. "ಕಮಲಕ್ಕ, ನಿಮ್ಮ ಬೋಳು ನವಿಲು ಮೊನ್ನೆ ಹೊಳೆ ದಾಟಿತ್ತು" ಎನ್ನುತ್ತಿದ್ದ. ಒಂದು ಸಲ ಅವನಿಗೂ ತಡೆಯಲಿಲ್ಲ. "ಈ ನೂಲು ನಾನು ಮಾರುದು ನಿಮ್ಮೊಬ್ಬರಿಗೆ. ಹಾಸು ಮಾತ್ರ ಎಲ್ಲ ಹುಡುಗಿಯರೂ ಹೆಣೆದದ್ದು. ಇದೆಂತ ಲೆಕ್ಕ?" ಎಂದ. ಕಮಲ ಕೈಯಲ್ಲಿದ್ದ ಪೊರಕೆಯನ್ನು ಅಂಗಳದ ಆಚೆ ಎಸೆದಳು.

ಹಾಗಿರುವಾಗ ಕಮಲನಿಗೇ ಸಂಬಂಧ ಬಂತು. ಬಂದದ್ದು ಅದೇ ಬೋಜಪ್ಪ ಗೌಡರ ಮನೆಯಿಂದ, ಅವರ ಎರಡನೆಯ ಮಗ ಅಚ್ಚುತನಿಗೆ. ಲೋಲಾಕ್ಷಿಯ ಮದುವೆಯಲ್ಲಿ ಹುಡುಗಿಯನ್ನು ನೋಡಿದ್ದರು, ಆದರೂ ಕ್ರಮ ಪ್ರಕಾರ ಬಂದು ನೋಡಬೇಕಲ್ಲ. ಮಾವನಿಗೆ ಕಾಲು ನೆಲದ ಮೇಲಿರಲಿಲ್ಲ. ಮೇಜು ಬಂತು, ಕುರ್ಚಿ ಬಂತು. ಅತ್ತೆ ಗುಲಾಬಿ ಹೂವಿನ ಬೇರೊಂದು ಹಾಸು ತೆಗೆದಿಟ್ಟರು. "ಆ ನವಿಲು ಮಾತ್ರ ಪೆಟ್ಟಿಗೆಯಿಂದ ಹೊರಗೆ ಬರಬಾರದು, ಲೋಲಾಕ್ಷಿಯ ಮಾನದ ಪ್ರಶ್ನೆ" ಎಂದು ಮಾವ ಕಟ್ಟಪ್ಪಣೆ ಮಾಡಿದರು.

"ಅಪ್ಪ, ಅವರು ನೋಡ್ಲಿಕ್ಕೆ ಬರುದು ನನ್ನನ್ನು. ನನ್ನ ಕೈಯಲ್ಲಿ ಆದದ್ದರಲ್ಲಿ ಅದೇ ಒಳ್ಳೆಯದು. ನನ್ನದನ್ನು ನಾನೇ ಅಡಗಿಸಿ ಇಡ್ಬೇಕಾ?"

"ಹೇಳಿದಷ್ಟು ಕೇಳು."

ನೆಂಟರು ಬರುವುದು ಕಂಡು ಮಾವ ಬೇಲಿಯ ತಡಮೆಯ ಹತ್ತಿರ ಹೋದರು. ಅಷ್ಟರಲ್ಲಿ ಕಮಲ ಗುಲಾಬಿಯ ಹಾಸು ತೆಗೆದು ನವಿಲಿನದ್ದನ್ನು ಹರಡಿದಳು. ನಾನು ಕಂಡೆ. ತಡೆಯಲಿಲ್ಲ. ತಡೆಯುವುದೇಕೆ, ಒಂದು ಮೂಲೆ ಮಡಚಿಕೊಂಡಿತ್ತು, ಅದನ್ನು ನಾನೇ ಎಳೆದು ಸರಿ ಮಾಡಿದೆ.

ಬೋಜಪ್ಪ ಗೌಡರು, ಅವರ ಹೆಂಡತಿ, ಮಗ ಅಚ್ಚುತ, ಜೊತೆಗೆ ಸೊಸೆ ಲೋಲಾಕ್ಷಿ ಬಂದರು. ಗದ್ದೆಯಾಚೆಯಿಂದ ಮಾವನ ಅಕ್ಕನೂ, ಹಾಸು ಕೊಂಡುಹೋಗಿದ್ದ ನೆರೆಕರೆಯ ಕೆಲವರೂ ಬಂದು ಕೂತರು. ಬೆಲ್ಲ ನೀರು ಕೊಟ್ಟಾಯಿತು. ಬೋಜಪ್ಪ ಗೌಡರು ದನ ಎತ್ತು ಕೊಳ್ಳುವುದರಲ್ಲಿ ಹೆಸರಾದವರು. ಒಮ್ಮೆ ಕಂಡ ಎತ್ತಿನ ಸುಳಿಯನ್ನು ಹತ್ತು ವರ್ಷ ಬಿಟ್ಟೂ ಹೇಳುತ್ತಾರೆಂದು ಜನ ಹೊಗಳುತ್ತಿದ್ದರು. ಲೋಟ ಇಡಲು ಬಗ್ಗಿದವರ ಕಣ್ಣು ಹಾಸಿನ ಮೇಲೆ ನಿಂತಿತು. ಲೋಟ ಪಕ್ಕಕ್ಕೆ ಸರಿಸಿ ಬೆರಳಲ್ಲಿ ಒತ್ತಿ ನೋಡಿದರು.

"ಹೋ! ಇದು ನಮ್ಮ ಸೊಸೆಯ ನವಿಲಲ್ವಾ? ಜುಟ್ಟಿಲ್ಲದ್ದು!" ಎಂದರು. ಆಮೇಲೆ ಲೋಲಾಕ್ಷಿಯ ಕಡೆ ತಿರುಗಿದರು. "ಮದುವೆ ಆದ ಲಾಗಾಯ್ತು ಕೇಳ್ತಾ ಇದ್ದೇನೆ, ಇಂಥದ್ದೊಂದು ನಮ್ಮ ಮೇಜಿಗೂ ಮಾಡು ಅಂತ. ಒಮ್ಮೆ ಕಣ್ಣು ನೋವು ಹೇಳ್ತೀ, ಒಮ್ಮೆ ನೂಲು ಸಿಗುದಿಲ್ಲ ಹೇಳ್ತೀ. ನಿನ್ನದೇ ಅಲ್ವಾ ಇದು?"

ಚಾವಡಿಯಲ್ಲಿ ಕೂತಿದ್ದವರಿಗೆಲ್ಲ ಅದು ಯಾರದ್ದೆಂದು ಗೊತ್ತು. ಲೋಲಾಕ್ಷಿ ನೆಲ ನೋಡಿದಳು. "ಹೌದು ಮಾವ" ಎಂದಳು.

ಬೋಜಪ್ಪ ಗೌಡರು ಹೊಟ್ಟೆ ಕುಣಿಸಿ ನಕ್ಕರು. "ಗೌಡ್ರೆ, ನಿಮ್ಮ ಹುಡುಗಿ ತೋರಿಸ್ಲಿಕ್ಕೆ ನಮ್ಮ ಸೊಸೆಯ ಹಾಸು ತಂದು ಹಾಕಿದ್ದೀರಲ್ಲ ಮಾರಾಯ್ರೆ!"

ನಾನೂ ಕಮಲನೂ ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆವು. ಅವಳ ಕೈಯಲ್ಲಿ ಸಜ್ಜಿಗೆಯ ತಟ್ಟೆ. ಮಾವ ಏನು ಹೇಳುತ್ತಾರೆಂದು ಅವಳು ಬಾಗಿಲ ಸಂದಿಗೆ ಕಿವಿ ಕೊಟ್ಟಳು. ಮಾವ ಒಮ್ಮೆ ಅಕ್ಕನ ಮುಖ ನೋಡಿದರು. ಆಮೇಲೆ ಹೇಳಿದರು, "ಹೌದು ಬೋಜಪ್ಪಣ್ಣ. ಅಕ್ಕನ ಮನೆಯಿಂದ ತಂದದ್ದು. ನಮ್ಮವಳಿಗೆ ಇಂಥದ್ದೆಲ್ಲ ಅಷ್ಟು ಬರುದಿಲ್ಲ."

ಬರುವುದಿಲ್ಲವಂತೆ! ಬೇಸಗೆ ಪೂರ್ತಿ ಅವರ ಕಣ್ಣೆದುರೇ ಜಗಲಿಯಲ್ಲಿ ಕೂತು ಹೆಣೆದಿದ್ದಳು. ನೂಲು ಬೆರಳು ಕೊರೆದಲ್ಲಿ ಅತ್ತೆ ಎಣ್ಣೆ ಹಚ್ಚಿದ್ದರು. ಅಪ್ಪ ಎನಿಸಿಕೊಂಡವರ ಬಾಯಿಂದ ಆ ಮಾತು ಬಂತು. ಅಕ್ಕನ ಮರ್ಯಾದೆ, ಸೊಸೆಯಾಗಿ ಹೋದವಳ ಮರ್ಯಾದೆ, ನೆರೆಕರೆಯ ಮರ್ಯಾದೆ, ಎಲ್ಲ ಉಳಿಯಿತು. ಹೆತ್ತ ಮಗಳದ್ದೊಂದು ಹೋದರೆ ಅದನ್ನು ಯಾರು ಕೇಳಬೇಕು? ಸೊಸೆಯಾದವಳು ಮಾವನ ಎದುರು ಬಾಯಿ ತೆರೆಯುವ ಕಾಲ ಅಲ್ಲ ಅದು. ತೆರೆಯಬಹುದಾಗಿದ್ದರೆ ಆವತ್ತು ಆ ಚಾವಡಿಯಲ್ಲಿ ಒಬ್ಬರನ್ನೂ ಬಿಡುತ್ತಿರಲಿಲ್ಲ.

ಕಮಲ ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಒಳಕೋಣೆಗೆ ಹೋದಳು. ಬರುವಾಗ ಅವಳ ಕೈಯಲ್ಲಿ ನೂಲಿನುಂಡೆಯ ಗೆರಟೆ, ಅದರೊಳಗೆ ಕೊಕ್ಕೆಯ ಕಡ್ಡಿ. ನೋಡಲು ಬಂದವರ ಎದುರು ಹುಡುಗಿ ತಲೆ ತಗ್ಗಿಸಿ ನಡೆಯಬೇಕು. ಅವಳು ಗದ್ದೆಯ ಹುಣಿಯ ಮೇಲೆ ನಡೆಯುವ ಹಾಗೆ ದಡದಡ ನಡೆದು ಹೋಗಿ ಗೆರಟೆಯನ್ನು ಲೋಲಾಕ್ಷಿಯ ಮಡಿಲಲ್ಲಿ ಇಟ್ಟಳು.

"ಲೋಲಾಕ್ಷಿ, ಈ ನವಿಲಿಗೆ ಜುಟ್ಟು ಬಾಕಿ ಉಂಟು. ನಿನ್ನದಲ್ವಾ? ನಿನ್ನ ಮಾವನ ಎದುರೇ ಹಾಕಿ ಕೊಡು."

ಲೋಲಾಕ್ಷಿ ಕಡ್ಡಿ ಕೈಗೆತ್ತಿಕೊಂಡಳು. ನೂಲಿನ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ಹೊಸೆದಳು. ಆಮೇಲೆ ಕಡ್ಡಿಯನ್ನು ಬೆಳಕಿಗೆ ಹಿಡಿದು, ಅತ್ತ ತಿರುಗಿಸಿ ಇತ್ತ ತಿರುಗಿಸಿ, ನೂಲು ಪೋಣಿಸಲು ತೂತು ಹುಡುಕತೊಡಗಿದಳು.

"ಅಯ್ಯೋ, ಆ ಕಡ್ಡಿಗೆ ಕಣ್ಣು ಎಲ್ಲಿ ಉಂಟು?" ಎಂದು ಬೋಜಪ್ಪ ಗೌಡರ ಹೆಂಡತಿ ತಡೆಯಲಾರದೆ ಹೇಳಿಬಿಟ್ಟರು. ಲೋಲಾಕ್ಷಿಯ ಕೈಯಿಂದ ಕಡ್ಡಿ ಕೆಳಗೆ ಬಿತ್ತು.

ಈಗಲಾದರೂ ಯಾರಾದರೂ ಕಮಲನ ಹೆಸರು ಹೇಳುತ್ತಾರೆಂದು ನಾನು ಕಾದೆ. ಬೋಜಪ್ಪ ಗೌಡರು ಮೀಸೆ ತಿಕ್ಕಿದರು. ಮತ್ತೆ ನಕ್ಕರು. ವ್ಯಾಪಾರ ಕುದುರಿಸುವವರ ನಗೆ ಅದು. "ಹೋಗ್ಲಿ ಬಿಡಿ. ಯಾರು ಹೆಣೆದರೆಂತ? ಇಬ್ಬರೂ ಒಂದೇ ಮನೆಗೆ ಬರುದಲ್ವಾ? ಹಾಸು ನಮ್ಮ ಮೇಜಿಗೆ ಬಂದ್ರೆ ಆಯ್ತು. ನಮಗೆ ಹುಡುಗಿ ಒಪ್ಪಿಗೆ."

ಮಾವನ ಮುಖ ಅರಳಿತು. ಅವರ ಅಕ್ಕ "ದೇವರು ದೊಡ್ಡವನು" ಎಂದರು. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಅಚ್ಚುತ ಮಾತ್ರ ಬಂದಾಗಿನಿಂದ ತನ್ನ ಕಾಲಿನ ಹೆಬ್ಬೆರಳನ್ನೇ ನೋಡುತ್ತಿದ್ದವನು ಈಗಲೂ ಅದನ್ನೇ ನೋಡುತ್ತಿದ್ದ.

"ಯಾರು ಹೆಣೆದರೆಂತ ಅಂತ ಹೇಳುವ ಮನೆಗೆ ನಾನು ಬರುದಿಲ್ಲ" ಎಂದಳು ಕಮಲ. ಕಿರುಚಲಿಲ್ಲ. ಮೇಜಿನ ಮೇಲಿದ್ದ ಲೋಟಗಳನ್ನು ಒಂದೊಂದಾಗಿ ಎತ್ತಿ ಕೆಳಗಿಟ್ಟಳು, ಹಾಸು ಎಳೆದು ಮಡಚಿದಳು, ಒಳಗೆ ಹೋದಳು. ನೆಂಟರು ಸಜ್ಜಿಗೆ ಮುಟ್ಟದೆ ಎದ್ದರು.

ಸಂಜೆ ಮಾವ ಅವಳ ಕಡ್ಡಿಯನ್ನು ಬಚ್ಚಲ ಒಲೆಗೆ ಎಸೆದರು. ಮರುದಿನ ನಾನು ಬೂದಿ ಕೆದಕಿ ತೆಗೆದುಕೊಟ್ಟೆ. ಆದರೆ ಬೆಂಕಿಯಲ್ಲಿ ಅದು ಮೆತ್ತಗಾಗಿತ್ತು, ನೂಲು ಎಳೆದರೆ ಬಾಗುತ್ತಿತ್ತು. ಅಲಿ ಕುಂಞಿ ಮುಂದಿನ ಸಲ ಬಂದಾಗ ಯಾರೂ ಹೇಳದೆಯೇ ಹೊಸ ಕಡ್ಡಿಯೊಂದನ್ನು ಜಗಲಿಯ ಮೇಲಿಟ್ಟ. ಮಾವ ನೋಡಿದರೂ ನೋಡದವರಂತೆ ಎದ್ದು ಹೋದರು. ಮಗಳ ಜೊತೆ ಅವರು ಬಹಳ ಕಾಲ ಮಾತು ಬಿಟ್ಟಿದ್ದರು. ಕಮಲನೂ ತಾನಾಗಿ ಮಾತಾಡಿಸಲು ಹೋಗಲಿಲ್ಲ.

ಮತ್ತೆ ಸಂಬಂಧ ಬರಲಿಲ್ಲ. "ಹುಡುಗಿಯ ಬಾಯಿ ಜೋರು" ಎಂಬ ಸುದ್ದಿ ಇಚಿಲಂಪಾಡಿಯಿಂದ ಪುತ್ತೂರಿನವರೆಗೆ ಹೋಯಿತು. ಅವಳ ಕೈ ಒಳ್ಳೆಯದು ಎಂಬ ಮಾತು ಮಾತ್ರ ಗದ್ದೆಯ ಆಚೆಗೂ ದಾಟಲಿಲ್ಲ. ಅವಳಿಗೆ ಬೇಸರವಾಗಲಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಅವಳನ್ನು ಕಂಡು ಅಯ್ಯೋ ಪಾಪ ಎನ್ನಲು ಬಂದವರನ್ನು ನಾನೇ ಅಂಗಳದಿಂದ ಹಿಂದೆ ಕಳಿಸಿದ್ದೇನೆ. ಕಂಬಕ್ಕೆ ಕಾಲು ಕೊಟ್ಟು ಕೂತು ಅವಳು ಹೆಣೆಯುತ್ತಲೇ ಇದ್ದಳು. ಮೊದಲಿನ ಹಾಗೆಯೇ ತನ್ನಷ್ಟಕ್ಕೇ ನಗುತ್ತಿದ್ದಳು. ಬದಲಾದದ್ದು ಒಂದೇ. ಆಮೇಲೆ ಹೆಣೆದ ಪ್ರತಿಯೊಂದರಲ್ಲೂ, ಅದು ಗುಲಾಬಿಯದ್ದಾಗಲಿ ಬಳ್ಳಿಯದ್ದಾಗಲಿ, ಒಂದು ಮೂಲೆಯಲ್ಲಿ ಜುಟ್ಟಿಲ್ಲದ ನವಿಲು ಇರುತ್ತಿತ್ತು. ಆ ನವಿಲಿನ ಕಥೆ ಊರಿಗೆಲ್ಲ ಗೊತ್ತಾಗಿದ್ದರಿಂದ ಹಾಸು ಕೇಳಿಕೊಂಡು ಬರುವವರು ತನ್ನಿಂದ ತಾನೇ ನಿಂತರು.

ವರ್ಷಗಳು ಹೋದವು. ಅರುವತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ಮಧ್ಯಾಹ್ನ ಲೋಲಾಕ್ಷಿ ಒಬ್ಬಳೇ ಗದ್ದೆ ದಾಟಿ ಬಂದು ನಮ್ಮ ಮೆಟ್ಟಲ ಮೇಲೆ ಕೂತಳು. ಇಳಿದುಹೋಗಿದ್ದಳು. ಗಂಡನ ಮನೆಯಲ್ಲಿ ಅವಳು ಸೂಜಿ ಮುಟ್ಟಿದರೆ ಆಗಲೂ "ಕಣ್ಣು ಸಿಕ್ಕಿತಾ?" ಎಂದು ಕೇಳುತ್ತಿದ್ದರಂತೆ.

"ಕಮಲ, ನಂಗೆ ಕಲಿಸ್ತೀಯಾ?" ಎಂದಳು.

"ಈಗ ಎಂತಕ್ಕೆ?"

"ಒಂದಾದ್ರೂ ನನ್ನ ಕೈಯಲ್ಲಿ ಮಾಡಿ ಆ ಮನೆಯ ಮೇಜಿನ ಮೇಲೆ ಹಾಕ್ಬೇಕು."

ನನ್ನನ್ನು ಕೇಳಿದ್ದರೆ ಬಂದ ದಾರಿಯಲ್ಲೇ ಕಳಿಸುತ್ತಿದ್ದೆ. ಆವತ್ತು ಒಂದು ಮಾತು ಹೇಳಲು ಬಾರದ ಬಾಯಿ ಈಗ ಕೇಳಲು ಹೇಗೆ ಬಂತು? ಕಮಲ ಅವಳ ಮುಖ ನೋಡಿದಳು. ಎದ್ದು ಹೋಗಿ ಇನ್ನೊಂದು ಕಡ್ಡಿ ತಂದಳು. "ಮೊದಲು ಹಿಡಿಯುದು ಕಲಿ" ಎಂದಳು.

ಅಕ್ಕರೆಯಿಂದ ಕಲಿಸಿದಳೆಂದು ಯಾರೂ ತಿಳಿಯಬೇಡಿ. ನೂಲಿನ ಒಂದು ಕೊಂಡಿ ಸಡಿಲವಾದರೂ "ಬಿಚ್ಚು" ಎನ್ನುತ್ತಿದ್ದಳು. ಬೇರೆ ಮಾತಿಲ್ಲ. ಲೋಲಾಕ್ಷಿ ತವರಿಗೆ ಬಂದಾಗಲೆಲ್ಲ ಬಂದು ಕೂತು, ಹೆಣೆದು, ಬಿಚ್ಚಿ, ಮತ್ತೆ ಹೆಣೆದಳು. ಒಂದು ದಿನ ಒಂದು ಸಾಲು ತಪ್ಪಿಲ್ಲದೆ ಬಂದಾಗ ಅವಳು ಗಟ್ಟಿಯಾಗಿ ನಕ್ಕುಬಿಟ್ಟಳು. ಆ ನಗೆ ಕೇಳಿ ಕಮಲ ತಲೆಯೆತ್ತಿ ನೋಡಿದಳು. ಮತ್ತೆ ತನ್ನ ಕೆಲಸಕ್ಕೆ ತಿರುಗಿದಳು.

ಕಡೆಗೆ ಲೋಲಾಕ್ಷಿ ಒಂದು ನವಿಲನ್ನು ಪೂರ್ತಿ ಹೆಣೆದು ತಂದಳು. ಅದೇ ಚಾವಡಿ. ಮುದುಕರಾಗಿದ್ದ ಮಾವ ಆರಾಮ ಕುರ್ಚಿಯಲ್ಲಿ ಎಲೆ ಅಡಿಕೆ ಅಗಿಯುತ್ತ ಕೂತಿದ್ದರು. ಲೋಲಾಕ್ಷಿ ನವಿಲನ್ನು ಕಮಲನ ಮಡಿಲಲ್ಲಿ ಹರಡಿದಳು. ಒಳ್ಳೆಯ ಕೆಲಸ, ಸುಳ್ಳು ಹೇಳಬಾರದು. ಕಮಲನಿಗೆ ಸಂತೋಷವಾದೀತೆಂದು ಅವಳ ನವಿಲಿನ ಹಾಗೆಯೇ ಜುಟ್ಟು ಬಿಟ್ಟು ಹೆಣೆದಿದ್ದಳು.

ಕಮಲ ಅದನ್ನು ಬೆಳಕಿಗೆ ಹಿಡಿದು ಕೊಂಡಿ ಕೊಂಡಿಯನ್ನೂ ನೋಡಿದಳು. ತಿರುಗಿಸಿ ಹಿಂಬದಿಯನ್ನೂ ನೋಡಿದಳು. ವಾಪಸು ಕೊಟ್ಟಳು.

"ಬಿಚ್ಚು. ಬಿಚ್ಚಿ ಜುಟ್ಟು ಹಾಕು. ಜುಟ್ಟಿಲ್ಲದ್ದು ನನ್ನದು."

ಮಾವ ಅಗಿಯುವುದನ್ನು ನಿಲ್ಲಿಸಿದರು. ಲೋಲಾಕ್ಷಿ ಅವರ ಕಡೆ ನೋಡಿದಳು, ಕಮಲನ ಕಡೆ ನೋಡಿದಳು. "ಹೌದು, ನಿನ್ನದು" ಎಂದಳು. ಆಮೇಲೆ ನೂಲಿನ ತುದಿ ಹುಡುಕಿ ಎಳೆಯತೊಡಗಿದಳು.